ಬೇಡದೆ ಬಂದ ಕ್ಷಮೆ

ದಂಗೆಯೆದ್ದವರನ್ನು ಅಡಗಿಸುವುದು ಅರಸರಿಗೆ ಅಷ್ಟೇನೂ ಕಠಿಣವಾದ ಕೆಲಸವಲ್ಲ. ಅಡಗಿಸಿದ ಮೇಲೆ ಅವರನ್ನು ಏನು ಮಾಡುವುದೆಂಬುದೇ ಎಲ್ಲ ಕಾಲದ ರಾಜ್ಯಗಳಿಗೂ ತೊಡಕಾದ ಪ್ರಶ್ನೆ. ಎಲ್ಲರನ್ನೂ ಕೊಂದರೆ ಉಳುವವರಾರು, ಕಂದಾಯ ತೆರುವವರಾರು? ಯಾರನ್ನೂ ಕೊಲ್ಲದಿದ್ದರೆ ಅಂಜುವವರಾರು? 1381ರಲ್ಲಿ ಇಂಗ್ಲೆಂಡಿನ ರೈತರು ತಲೆಗಂದಾಯದ ಹೊರೆಯನ್ನು ತಾಳಲಾರದೆ ಎದ್ದು ಲಂಡನ್ ನಗರಕ್ಕೆ ನುಗ್ಗಿದಾಗ ಅಲ್ಲಿನ ದೊರೆ ಎರಡನೆಯ ರಿಚರ್ಡನಿಗೆ ವಯಸ್ಸು ಹದಿನಾಲ್ಕು. ಬಾಲಕ ದೊರೆ ಅವರಿಗೆ ಜೀತವಿಮೋಚನೆಯ ಪತ್ರಗಳನ್ನು ಬರೆಯಿಸಿಕೊಟ್ಟ. ನಾಯಕನಾದ ವಾಟ್ ಟೈಲರ್ ಹತನಾಗಿ ಗುಂಪು ಚದುರಿದ ಮೇಲೆ, ಕೆಲವೇ ವಾರಗಳಲ್ಲಿ ಆ ಪತ್ರಗಳು ರದ್ದಾದವು. ನ್ಯಾಯಾಧೀಶರು ಊರೂರಿಗೆ ಹೊರಟರು, ಗಲ್ಲುಗಂಬಗಳು ನಿಂತವು. ಆ ವರ್ಷ ಮುಗಿಯುವುದರೊಳಗೆ ಪಾರ್ಲಿಮೆಂಟು ಕೂಡಿ ಸಾರ್ವತ್ರಿಕ ಕ್ಷಮೆಯನ್ನೂ ಸಾರಿತು. ಆದರೆ ಆ ಕ್ಷಮೆಯ ಬೆನ್ನಿಗೇ, ಅದಕ್ಕೆ ಹೊರಗಾದವರ ಹೆಸರುಗಳ ದೊಡ್ಡ ಪಟ್ಟಿಯೂ ಬಂದಿತು. ಕೊಡುವ ಮಾತು, ಹಿಂದೆಗೆಯುವ ಮಾತು, ಕೊಲ್ಲುವ ಕೈ, ಕ್ಷಮಿಸುವ ಕೈ, ಇವೆಲ್ಲ ಒಂದೇ ಸಿಂಹಾಸನಕ್ಕೆ ಸೇರಿದವು ಎಂಬುದನ್ನು ಆ ಪ್ರಸಂಗ ಚೆನ್ನಾಗಿ ತೋರಿಸುತ್ತದೆ.

ಕ್ಷಮಾದಾನದ ಇಂಥ ಇತಿಹಾಸವನ್ನು ಓದುವಾಗಲೆಲ್ಲ ನನ್ನ ಮನಸ್ಸು ಕನ್ನಡನಾಡಿನ ಒಬ್ಬ ತರುಣ ಅರಸನತ್ತ ತಿರುಗುತ್ತದೆ. ಅವನು ಸುರಪುರದ ರಾಜಾ ನಾಲ್ವಡಿ ವೆಂಕಟಪ್ಪನಾಯಕ. ಅವನಿಗೆ ಮರಣದಂಡನೆಯಾಯಿತು, ಅದು ದ್ವೀಪಾಂತರಕ್ಕಿಳಿಯಿತು, ದ್ವೀಪಾಂತರ ನಾಲ್ಕು ವರ್ಷದ ಸೆರೆಗಿಳಿಯಿತು, ರಾಜ್ಯ ಹಿಂದಿರುಗುವ ಆಸೆಯನ್ನೂ ತೋರಿಸಲಾಯಿತು. ಸರ್ಕಾರವೊಂದು ಬಂಡಾಯಗಾರನಿಗೆ ಇದಕ್ಕಿಂತ ಹೆಚ್ಚಿನ ದಯೆ ತೋರಿದ ನಿದರ್ಶನ ಆ ಕಾಲದಲ್ಲಿ ವಿರಳ. ಆದರೂ ಸೆರೆಯ ಕೋಟೆಗೆ ಹೊರಟ ಮೊದಲನೆಯ ಬಿಡಾರದಲ್ಲಿಯೇ ಅವನ ಬಾಳು ಮುಗಿಯಿತು. ಹೀಗೇಕಾಯಿತೆಂಬುದನ್ನು ಯೋಚಿಸುವುದೇ ಈ ಬರಹದ ಉದ್ದೇಶ.

ಪಾವಗಡ ಸೀಮೆಯ ಕ್ಯಾತಗಾನಚೆರ್ಲುವಿನಂಥ ಊರಲ್ಲಿ ಕುಳಿತು ಸುರಪುರದ ಮಾತೇಕೆ ಎಂದು ಯಾರಾದರೂ ಕೇಳಬಹುದು. ನಡುವೆ ತುಂಗಭದ್ರೆ, ಕೃಷ್ಣೆ ಎಂಬ ಎರಡು ಹಿರಿಯ ಹೊಳೆಗಳಿವೆ, ನಿಜ. ಆದರೆ ನಮ್ಮ ಕಡೆಯ ನೆಲವೂ ಪಾಳೆಯಗಾರರ ನೆಲವೇ. ಪಾವಗಡ, ನಿಡಗಲ್ಲು, ಮಿಡಿಗೇಶಿ, ಮಧುಗಿರಿ ಎಂದು ಕಣ್ಣು ಹಾಯಿಸಿದತ್ತ ಬೆಟ್ಟ, ಬೆಟ್ಟದ ನೆತ್ತಿಯಲ್ಲಿ ಪಾಳುಬಿದ್ದ ಕೋಟೆ. ಸಿರಾದ ಕಸ್ತೂರಿ ರಂಗಪ್ಪನಾಯಕನ ಹೆಸರು ಇಲ್ಲಿ ಇನ್ನೂ ಬಳಕೆಯಲ್ಲಿದೆ. ಗೆದ್ದ ದೊರೆ ಸೋತ ನಾಯಕನನ್ನು ಸೆರೆಯೊಯ್ಯುವುದು, ಅನಂತರ ಕಪ್ಪಕಾಣಿಕೆ ಗೊತ್ತುಮಾಡಿ ಬಿಟ್ಟುಬಿಡುವುದು, ಅವನು ಮತ್ತೆ ತನ್ನ ಬೆಟ್ಟಕ್ಕೆ ಬಂದು ಕೋಟೆಯ ಕಲ್ಲುಗಳನ್ನು ಸರಿಪಡಿಸಿಕೊಳ್ಳುವುದು, ಇದು ನಮ್ಮ ಪಾಳೆಯಪಟ್ಟುಗಳ ಹಳೆಯ ರೀತಿ. ಇಂಥ ಕ್ಷಮೆಯಲ್ಲಿ ಕೊಟ್ಟವನಿಗೂ ಪಡೆದವನಿಗೂ ಅವಮಾನವಿರಲಿಲ್ಲ. ಇಬ್ಬರೂ ಒಂದೇ ಭಾಷೆಯಲ್ಲಿ ವ್ಯವಹರಿಸುತ್ತಿದ್ದರು. ವೆಂಕಟಪ್ಪನಾಯಕನಿಗೆ ದೊರೆತ ಕ್ಷಮೆ ಬೇರೆಯ ಜಾತಿಯದು.

ಸುರಪುರದ ನಾಯಕರು ಬೇಡರು. ಕೃಷ್ಣೆ ಭೀಮೆಯರ ನಡುವಣ ಕಲ್ಲುಗುಡ್ಡಗಳ ನಾಡು ಅವರದು. ಇಂದು ಅದು ಯಾದಗಿರಿ ಜಿಲ್ಲೆಗೆ ಸೇರಿದೆ. 1705ರಲ್ಲಿ ಮುಪ್ಪಿನ ಔರಂಗಜೇಬ್ ತಾನೇ ದಂಡು ಕಟ್ಟಿಕೊಂಡು ಬಂದು ವಾಗಿನಗೇರಿಯ ಕೋಟೆಯನ್ನು ಮುತ್ತಿದಾಗ ಅವನಿಗೆದುರಾಗಿ ನಿಂತವನು ಇವರ ಪೂರ್ವಿಕನಾದ ಪಿಡ್ಡನಾಯಕ. ಕೋಟೆ ಬಿದ್ದಿತು; ನಾಯಕ ಕೈಗೆ ಸಿಕ್ಕಲಿಲ್ಲ. ಬಾದಶಹನ ಕಟ್ಟಕಡೆಯ ಮುತ್ತಿಗೆ ಅದೇ ಆಯಿತು. ಹತ್ತಿರದ ದೇವಾಪುರದಲ್ಲಿ ಕಾಯಿಲೆ ಬಿದ್ದ ಆತ ಎರಡು ವರ್ಷಗಳೊಳಗಾಗಿ ಅಹಮದನಗರದಲ್ಲಿ ಕಣ್ಮುಚ್ಚಿದ. ಭರತಖಂಡದ ಚಕ್ರವರ್ತಿಯನ್ನು ದಣಿಸಿ ಕಳುಹಿಸಿದೆವೆಂಬ ನೆನಪು ಬೇಡರ ರಕ್ತದಲ್ಲಿ ಉಳಿಯಿತು. ಮುಂದೆ ಸುರಪುರ ಹೈದರಾಬಾದಿನ ನಿಜಾಮನಿಗೆ ಕಪ್ಪ ಕೊಡುವ ಸಂಸ್ಥಾನವಾಯಿತು; ನಿಜಾಮನ ಹಿಂದೆ ಇಂಗ್ಲಿಷರ ರೆಸಿಡೆಂಟನಿದ್ದ. ಬೇಡರ ಒರಟು ಸ್ವಾಭಿಮಾನ ಮಾತ್ರ ಹಾಗೆಯೇ ಇತ್ತು.

ವೆಂಕಟಪ್ಪನಾಯಕನ ತಂದೆ ಕೃಷ್ಣಪ್ಪನಾಯಕ ತೀರಿಕೊಂಡಾಗ ಮಗನಿಗೆ ಏಳರ ಆಸುಪಾಸಿನ ವಯಸ್ಸು. ತಾಯಿ ರಾಣಿ ಈಶ್ವರಮ್ಮನಿಗೂ ತಂದೆಯ ತಮ್ಮ ಪಿಡ್ಡನಾಯಕನಿಗೂ ಅಧಿಕಾರಕ್ಕಾಗಿ ವಿರಸ ಹುಟ್ಟಿತು. ಒಳಜಗಳವಿದ್ದ ಮನೆಗೆ ಮೂರನೆಯವನು ಬರುವುದು ಲೋಕರೂಢಿ. 1841ರಲ್ಲಿ ಇಂಗ್ಲಿಷರ ಪ್ರತಿನಿಧಿಯಾಗಿ ಮೆಡೋಸ್ ಟೇಲರ್ ಸುರಪುರಕ್ಕೆ ಬಂದ. ನಿಜಾಮನ ಸೈನ್ಯದಲ್ಲಿ ಸೇವೆಮಾಡುತ್ತಿದ್ದ ಈತ ಅಷ್ಟು ಹೊತ್ತಿಗಾಗಲೆ ಠಕ್ಕನೊಬ್ಬನ ಆತ್ಮಕಥೆಯ ರೂಪದ ಕಾದಂಬರಿಯೊಂದನ್ನು 1839ರಲ್ಲಿ ಪ್ರಕಟಿಸಿ ಇಂಗ್ಲೆಂಡಿನಲ್ಲಿ ಹೆಸರು ಪಡೆದಿದ್ದ. ಅಲ್ಲಿಂದ 1853ರವರೆಗೆ, ಅಂದರೆ ಹುಡುಗ ಪ್ರಾಪ್ತವಯಸ್ಕನಾಗುವವರೆಗೆ, ಸುರಪುರದ ಆಡಳಿತ ಬಹುಮಟ್ಟಿಗೆ ಟೇಲರನ ಕೈಯಲ್ಲಿಯೇ ನಡೆಯಿತು.

ಟೇಲರ್ ಒಳ್ಳೆಯ ಆಡಳಿತಗಾರನಾಗಿದ್ದನೆಂಬುದನ್ನು ಅಲ್ಲಗಳೆಯಲಾಗದು. ಬರಿದಾಗಿದ್ದ ಬೊಕ್ಕಸ ತುಂಬಿತು. ಬೋನಾಳದ ಕೆರೆ ಹಿಗ್ಗಿತು. ಇಂದು ಹಕ್ಕಿಗಳ ಬೀಡಾಗಿ ಹೆಸರಾಗಿರುವ ಕೆರೆ ಅದೇ. ಗುಡ್ಡದ ಮೇಲೆ ತನಗಾಗಿ ಅವನು ಕಟ್ಟಿಸಿಕೊಂಡ ಮನೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಇಂದಿಗೂ ನಿಂತಿದೆ. ತಂದೆಯಿಲ್ಲದ ಬಾಲಕ ಅರಸ ಈ ಪರದೇಶದವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಆ ಕರೆಗೆ ಟೇಲರ್ ಕಿವುಡನಾಗಿರಲಿಲ್ಲ. ಮುಂದೆ ಮುಪ್ಪಿನಲ್ಲಿ ಬರೆದ ಆತ್ಮಕಥೆಯಲ್ಲಿ ಈ ಹುಡುಗನ ಮಾತು ಬಂದಾಗಲೆಲ್ಲ ಅಧಿಕಾರಿಯ ಲೇಖನಿ ಬದಿಗೆ ಸರಿದು ಸಾಕುತಂದೆಯ ದನಿ ಕೇಳಿಸುತ್ತದೆ. ಆದರೆ ಈ ತಂದೆಗೆ ಬೇರೊಬ್ಬ ಒಡೆಯನಿದ್ದ. ಮಗನ ಹಿತಕ್ಕೂ ಒಡೆಯನ ಹಿತಕ್ಕೂ ಎದುರುಬದುರು ಬಂದ ದಿನ ಅವನು ಎತ್ತ ನಿಲ್ಲಬೇಕೆಂಬುದು ಮೊದಲೇ ಗೊತ್ತಾಗಿದ್ದ ಸಂಗತಿ.

ಆ ದಿನಗಳ ಒಂದು ಸಂಗತಿಯನ್ನು ಟೇಲರ್ ಮರೆಯದೆ ದಾಖಲಿಸಿದ್ದಾನೆ. ಬಾಲಕನ ಜಾತಕವನ್ನು ನೋಡಿದ ಶಾಸ್ತ್ರಿಗಳು, ಅವನು ತನ್ನ ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟಲಾರನೆಂದು ಕಂಡಿದ್ದರಂತೆ. ತಾಯಿಗೆ ಅದು ತಿಳಿದಿತ್ತು. ಆಕೆಯ ನಂಬಿಕೆಗೆ ಪಾತ್ರನಾಗಿದ್ದ ಟೇಲರನಿಗೂ ಅದು ತಿಳಿಯಿತು. ಆಗ ಅವನಿಗೆ ಅದರಲ್ಲಿ ನಂಬಿಕೆ ಹುಟ್ಟಲಿಲ್ಲ. ಜಾತಕದ ಮಾತನ್ನು ನಾನು ಇಲ್ಲಿ ಹೇಳಿದ್ದು ಅದರ ಸತ್ಯಾಸತ್ಯವನ್ನು ವಿಚಾರಿಸುವುದಕ್ಕಲ್ಲ. ಮಗನ ಆಯುಸ್ಸು ಇಷ್ಟೇ ಎಂದು ನಂಬಿದ ತಾಯಿಯ ಮಡಿಲಿನಲ್ಲಿ, ನಾಡು ತನ್ನ ಒಡೆಯರದು ಎಂದು ನಂಬಿದ ಗುರುವಿನ ಕೈಯಲ್ಲಿ ಬೆಳೆದ ಹುಡುಗನ ಎಳವೆಯನ್ನು ಓದುಗರು ಊಹಿಸಿಕೊಳ್ಳಲೆಂದು ಮಾತ್ರ.

1853ರಲ್ಲಿ ಟೇಲರ್ ರಾಜ್ಯವನ್ನು ಒಪ್ಪಿಸಿ ಹೊರಟುಹೋದ. ಅರಸನಿಗೆ ಆಗ ಇಪ್ಪತ್ತು ತುಂಬಿರಲಿಲ್ಲ. ತುಂಬಿದ ಬೊಕ್ಕಸ, ಏರುವ ಪ್ರಾಯ, ಸುತ್ತ ಹೊಗಳುವ ಜನ. ಕೆಲವೇ ವರ್ಷಗಳಲ್ಲಿ ಹಣ ಕರಗಿ ಸಾಲ ಬೆಳೆಯಿತು. ಇದು ಟೇಲರ್ ಹೇಳುವ ಚಿತ್ರ. ಇದರಲ್ಲಿ ಸತ್ಯವಿರಬಹುದು. ಆದರೆ ಹನ್ನೆರಡು ವರ್ಷ ತನ್ನ ರಾಜ್ಯವನ್ನು ಬೇರೆಯವನು ಆಳುವುದನ್ನು ನೋಡಿ ಬೆಳೆದವನಿಗೆ, ಕೆಡಿಸುವ ಸ್ವಾತಂತ್ರ್ಯವೂ ಸ್ವಾತಂತ್ರ್ಯವೆಂದೇ ತೋರಿದ್ದರೆ ಆಶ್ಚರ್ಯವಿಲ್ಲ. ತರುಣನ ದುಂದುಗಾರಿಕೆಯೊಂದರಿಂದಲೇ ಅವನ ಬಂಡಾಯವನ್ನು ವಿವರಿಸಿಬಿಡುವುದು ಸುಲಭ, ಅದು ನ್ಯಾಯವಲ್ಲ.

ಏಕೆಂದರೆ 1857ರಲ್ಲಿ ಕುದಿದದ್ದು ಸುರಪುರವೊಂದೇ ಅಲ್ಲ. ಆ ವರ್ಷದ ಜುಲೈ ತಿಂಗಳಲ್ಲಿ ತುರ್ರೆಬಾಜ್ ಖಾನ್ ಮತ್ತು ಮೌಲ್ವಿ ಅಲಾವುದ್ದೀನರ ಮುಂದಾಳುತನದಲ್ಲಿ ರೋಹಿಲರು ಹೈದರಾಬಾದಿನ ರೆಸಿಡೆನ್ಸಿಯ ಮೇಲೆಯೇ ಬಿದ್ದರು. ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು, ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆಗೆ ತಲೆಬಾಗದೆ ಕಾದಿದರು. ಅವರಲ್ಲಿ ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಲಾಯಿತು. ಬೇಡನಿಗೆ ಆಯುಧವೆಂದರೆ ಬರಿಯ ಕಬ್ಬಿಣವಲ್ಲ. ಅವನ ಕಸುಬು, ಅವನ ಮರ್ಯಾದೆ. ನೆರೆಯ ಸೀಮೆಯ ತನ್ನ ಕುಲದವರು ನೇಣಿಗೇರಿದ ಸುದ್ದಿ ಸುರಪುರದ ಅರಸನ ಕಿವಿಗೆ ಬೀಳದಿರಲು ಸಾಧ್ಯವಿರಲಿಲ್ಲ. ಅವನ ಬಳಿಗೆ ಉತ್ತರದಿಂದ ದೂತರು ಬಂದರು. ಅರಬರೂ ರೋಹಿಲರೂ ಸೈನ್ಯಕ್ಕೆ ಸೇರಿದರು. ಬುದ್ಧಿ ಹೇಳಲು ರೆಸಿಡೆಂಟನು ಕ್ಯಾಪ್ಟನ್ ರೋಸ್ ಕ್ಯಾಂಪ್‌ಬೆಲ್ ಎಂಬುವನನ್ನು ಕಳುಹಿಸಿದ. ಆ ಮಾತು ಫಲಿಸಲಿಲ್ಲ.

1858ರ ಫೆಬ್ರವರಿ 7ರ ರಾತ್ರಿ ಸುರಪುರದ ಬಳಿ ತಂಗಿದ್ದ ಕ್ಯಾಪ್ಟನ್ ವಿಂಡ್‌ಹ್ಯಾಮನ ದಂಡಿನ ಮೇಲೆ ಬೇಡರು ಬಿದ್ದರು. ಮರುದಿನ ಇಂಗ್ಲಿಷರಿಗೆ ಕುಮ್ಮಕ್ಕು ಬಂದಿತು. ಕದನದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಲೆಫ್ಟಿನೆಂಟ್ ಸ್ಟೂವರ್ಟ್ ಎಂಬುವನು ಮಾರಣಾಂತಿಕವಾಗಿ ಗಾಯಗೊಂಡ. ಆದರೆ ಕೋಟೆಯೊಳಗಿನ ಧೈರ್ಯ ಕುಸಿಯಿತು. ಇನ್ನೂ ದೊಡ್ಡ ದಂಡು ಬರುತ್ತಿರುವ ಸುದ್ದಿ ಹಬ್ಬಿತು. ಆ ರಾತ್ರಿಯೇ ಅರಸ ಕೆಲವು ಸವಾರರೊಡನೆ ಊರು ಬಿಟ್ಟು ಹೈದರಾಬಾದಿನ ದಾರಿ ಹಿಡಿದ. ನಿಜಾಮನ ಆಶ್ರಯ ಸಿಗಬಹುದೆಂದು ಎಣಿಸಿದನೋ, ಅಲ್ಲಿ ಇನ್ನೊಂದು ಬಂಡಾಯ ಎದ್ದೀತೆಂದು ನಂಬಿದನೋ ಹೇಳಲಾಗದು. ಎರಡೂ ಆಗಲಿಲ್ಲ. ದಿವಾನ ಸಾಲಾರ್‌ಜಂಗನ ಕಡೆಯವರು ಅವನನ್ನು ಪೇಟೆಯಲ್ಲಿ ಹಿಡಿದರು. ದಿವಾನ ಅವನನ್ನು ರೆಸಿಡೆಂಟನಿಗೆ ಒಪ್ಪಿಸಿದ. ಸಿಕಂದರಾಬಾದಿನ ದಂಡಿನ ಠಾಣ್ಯದಲ್ಲಿ ಅವನು ಸೆರೆಯಾಳಾದ.

ಸೆರೆಮನೆಯಲ್ಲಿ ಟೇಲರ್ ಅವನನ್ನು ಕಂಡ. ಐದು ವರ್ಷಗಳ ಮೇಲೆ ಆದ ಭೇಟಿ ಅದು. ಅರಸ ಹಳೆಯ ಹೆಸರಿನಿಂದಲೇ ಅವನನ್ನು ಕರೆದು, ಅಪ್ಪಿಕೊಂಡು ಅತ್ತ. ಯಾರ ಪ್ರೇರಣೆಯಿಂದ ಈ ಕೆಲಸಕ್ಕೆ ಕೈಹಾಕಿದೆಯೆಂಬುದನ್ನು ತಿಳಿಸಿದರೆ ಪ್ರಾಣ ಉಳಿಯುವುದು ಸುಲಭವಾದೀತೆಂಬ ಭಾವದಲ್ಲಿ ಟೇಲರ್ ಮಾತನಾಡಿದ. ಅರಸ ಹೆಸರುಗಳನ್ನು ಹೇಳಲಿಲ್ಲ. ರೆಸಿಡೆಂಟನನ್ನು ಕಾಣುವೆಯಾ ಎಂದು ಕೇಳಿದಾಗ, ಕಂಡರೆ ತಾನು ಪ್ರಾಣಭಿಕ್ಷೆ ಬೇಡುವೆನೆಂದು ಆತ ನಿರೀಕ್ಷಿಸುತ್ತಾನೆ, ಹೇಡಿಯಂತೆ ಬೇಡುವುದು ತನ್ನಿಂದಾಗದು ಎಂದುಬಿಟ್ಟ. ಅವನು ಕೇಳಿಕೊಂಡದ್ದು ಒಂದೇ: ಕಳ್ಳನನ್ನು ನೇಣಿಗೆ ಹಾಕುವಂತೆ ತನ್ನನ್ನು ಹಾಕಬಾರದು, ಫಿರಂಗಿಯ ಬಾಯಿಗೆ ಕಟ್ಟಿದರೆ ಅಂಜುವವನು ತಾನಲ್ಲ. ಮರಣವಲ್ಲದೆ ದ್ವೀಪಾಂತರ ಶಿಕ್ಷೆಯಾದರೆ ಎಂಬ ಮಾತು ಬಂದಾಗ ಮಾತ್ರ ಅವನು ತತ್ತರಿಸಿದ. ಕಡಲಾಚೆಯ ಸೆರೆಯಲ್ಲಿ ತನ್ನ ನಾಡಿನ ತೀರ ಬಡ ಬೇಡನೂ ಬದುಕಲಾರ, ಅರಸನಾದ ತಾನು ಹೇಗೆ ಬದುಕಲಿ ಎಂಬುದು ಅವನ ಕೊರಗಾಗಿತ್ತು. ಅಂಡಮಾನಿನ ಸೆರೆವಸಾಹತು ಆರಂಭವಾದದ್ದು ಅದೇ ವರ್ಷದ ಮಾರ್ಚಿನಲ್ಲಿ ಎಂಬುದನ್ನು ನೆನೆದರೆ ಈ ಭಯ ಬರಿಯ ಕಲ್ಪನೆಯದಲ್ಲವೆಂದು ತಿಳಿಯುತ್ತದೆ.

ಸೈನಿಕ ನ್ಯಾಯಮಂಡಲಿ ಅವನಿಗೆ ಮರಣದಂಡನೆ ವಿಧಿಸಿತು. ರೆಸಿಡೆಂಟ್ ಕರ್ನಲ್ ಡೇವಿಡ್‌ಸನ್ ತನಗಿದ್ದ ಅಧಿಕಾರದಿಂದ ಅದನ್ನು ಆಜೀವ ದ್ವೀಪಾಂತರವಾಗಿ ಬದಲಿಸಿದ. ಕಡತ ಗವರ್ನರ್ ಜನರಲ್ ಕ್ಯಾನಿಂಗನ ಬಳಿಗೆ ಹೋಯಿತು. ಅಲ್ಲಿಂದ ಬಂದ ಆಜ್ಞೆ ಇನ್ನೂ ಮೃದುವಾಗಿತ್ತು: ಮದರಾಸಿಗೆ ಹತ್ತಿರದ ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷ ಇರತಕ್ಕದ್ದು; ಬೇಕಾದರೆ ರಾಣಿಯರನ್ನು ಜೊತೆಗೆ ಕರೆದೊಯ್ಯಬಹುದು; ನಡತೆ ಸುಧಾರಿಸಿತೆಂದು ಕಂಡರೆ ಮುಂದೆ ರಾಜ್ಯವನ್ನು ಹಿಂದಿರುಗಿಸಬಹುದು. ತರುಣನ ವಯಸ್ಸನ್ನೂ ಅವನ ಮೇಲೆ ಬಿದ್ದ ದುಷ್ಪ್ರೇರಣೆಗಳನ್ನೂ ಮೇಲಿನವರು ಗಮನಕ್ಕೆ ತಂದುಕೊಂಡರೆಂದು ತೋರುತ್ತದೆ. ಟೇಲರನ ಹೃದಯದಿಂದ ದೊಡ್ಡ ಭಾರ ಇಳಿದಿರಬೇಕು.

ಆಜ್ಞೆಯಂತೆ ಅರಸನನ್ನು ಕಾವಲಿನಲ್ಲಿ ಕರೆದುಕೊಂಡು ಹೊರಟರು. ಮೊದಲನೆಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯಾದ ಲೆಫ್ಟಿನೆಂಟ್ ಪಿಕ್ಟೆಟ್ ತನ್ನ ನಡುಪಟ್ಟಿಯನ್ನು ಬಿಚ್ಚಿ ಡೇರೆಯ ಕುರ್ಚಿಗೆ ನೇತುಹಾಕಿ ಹೊರಗೆ ಬಂದ. ಪಟ್ಟಿಯಲ್ಲಿ ಗುಂಡು ತುಂಬಿದ ಪಿಸ್ತೂಲಿತ್ತು. ಕೆಲವು ಕ್ಷಣಗಳಲ್ಲಿ ಗುಂಡಿನ ಸದ್ದು ಕೇಳಿತು. ಓಡಿಬಂದು ನೋಡಿದಾಗ ಅರಸ ಸತ್ತು ಬಿದ್ದಿದ್ದ. ಜಾತಕದ ಇಪ್ಪತ್ತನಾಲ್ಕನೆಯ ವರ್ಷ ಅವನಿಗೆ ಇನ್ನೂ ಮುಗಿದಿರಲಿಲ್ಲ.

ಇಷ್ಟನ್ನು ಟೇಲರ್ ಹೇಳಿದ್ದಾನೆ. ಡೇರೆಯ ಒಳಗೆ ನಡೆದುದಕ್ಕೆ ಬೇರೆ ಸಾಕ್ಷಿಯಿಲ್ಲ. ಗುಂಡು ತುಂಬಿದ ಪಿಸ್ತೂಲನ್ನು ಸೆರೆಯಾಳಿನ ಕೈಗೆಟುಕುವಂತೆ ಬಿಟ್ಟುಹೋಗುವಷ್ಟು ಮೈಮರೆವು ಒಬ್ಬ ಸೈನಿಕನಿಗೆ ಬಂದೀತೆ ಎಂಬ ಸಂದೇಹ ಯಾರಿಗಾದರೂ ಏಳುತ್ತದೆ. ಇದು ಆತ್ಮಹತ್ಯೆಯಲ್ಲ, ಕೊಲೆ ಎಂದು ಭಾವಿಸುವವರೂ ಇದ್ದಾರೆ. ನಾನು ಇದನ್ನು ಬಹುಕಾಲ ಯೋಚಿಸಿದ್ದೇನೆ. ಕೊಲ್ಲುವುದೇ ಬೇಕಾಗಿದ್ದರೆ ಸರ್ಕಾರದ ಕೈಯಲ್ಲಿ ಮರಣದಂಡನೆಯ ತೀರ್ಪು ಆಗಲೇ ಇತ್ತು. ಅದನ್ನು ನಡೆಸಿದ್ದರೆ ಆ ವರ್ಷ ಯಾರೂ ಕೇಳುತ್ತಿರಲಿಲ್ಲ. ಆದ್ದರಿಂದ ಮೇಲಿನವರ ಅಪ್ಪಣೆಯಿಂದ ಕೊಲೆ ನಡೆಯಿತೆಂದು ನನಗೆ ತೋರುವುದಿಲ್ಲ. ಟೇಲರ್ ಬರೆದಿಟ್ಟ ಸೆರೆಮನೆಯ ಮಾತುಗಳೇ ಈ ಸಾವಿಗೆ ಸಾಕಷ್ಟು ಕಾರಣವನ್ನು ಹೇಳುತ್ತವೆ. ಬೇಡುವುದಿಲ್ಲವೆಂದವನಿಗೆ ಬೇಡದೆಯೇ ಕ್ಷಮೆ ಬಂದಿತು. ಅದನ್ನು ಒಪ್ಪಿಕೊಂಡು ನಾಲ್ಕು ವರ್ಷ ಒಳ್ಳೆಯ ನಡತೆಯ ಪರೀಕ್ಷೆಗೆ ಕುಳಿತು, ಗೆದ್ದವರ ಮೆಚ್ಚುಗೆಯಿಂದ ತನ್ನ ರಾಜ್ಯವನ್ನು ಪಡೆಯಬೇಕಾಗಿತ್ತು. ಹನ್ನೆರಡು ವರ್ಷ ಅಂಥ ಪರೀಕ್ಷೆಯನ್ನು ಅವನು ಆಗಲೇ ಕೊಟ್ಟಿದ್ದ.

ಉಳಿದವರ ಗತಿಯನ್ನೂ ಇದರ ಜೊತೆಗೆ ಇಟ್ಟು ನೋಡಬೇಕು. ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಕಾದಿ ಮಡಿದ. ದತ್ತಕದ ಹಕ್ಕನ್ನು ಕಳೆದುಕೊಂಡ ನರಗುಂದದ ಬಾಬಾಸಾಹೇಬನನ್ನು, ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ಕೊಲೆಗಾಗಿ 1858ರ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ದೆಹಲಿಯ ಮುದಿ ಬಾದಶಹ ಬಹಾದೂರ್ ಷಾ ತನ್ನ ಅರಮನೆಯಲ್ಲಿಯೇ ಅಪರಾಧಿಯಾಗಿ ನಿಂತು ರಂಗೂನಿಗೆ ಹೋದ. ನವೆಂಬರ್ 1ರಂದು ವಿಕ್ಟೋರಿಯಾ ರಾಣಿಯ ಘೋಷಣೆ ಊರೂರಿನಲ್ಲಿ ಓದಲ್ಪಟ್ಟಿತು: ಇಂಗ್ಲಿಷ್ ಪ್ರಜೆಗಳ ಕೊಲೆಯಲ್ಲಿ ನೇರವಾಗಿ ಭಾಗಿಗಳಾದವರನ್ನು ಬಿಟ್ಟು, ಗೊತ್ತಾದ ದಿನದೊಳಗೆ ಮನೆಗೆ ಮರಳಿ ಸುಮ್ಮನಾಗುವವರಿಗೆ ಕ್ಷಮೆ. ಸುಮಾರು ಐದು ಶತಮಾನಗಳ ಹಿಂದೆ ಬಾಲಕ ರಿಚರ್ಡನ ಕಾಲದಲ್ಲಿ ನಡೆದ ಕ್ರಮವೇ ಇಲ್ಲಿಯೂ ನಡೆಯಿತು. ಮೊದಲು ಗಲ್ಲು, ಆಮೇಲೆ ಕ್ಷಮೆ, ಕ್ಷಮೆಯ ಜೊತೆಗೆ ಹೊರಗಾದವರ ಪಟ್ಟಿ. ಹೊಲಗಳು ಮತ್ತೆ ಉತ್ತಿರಬೇಕು, ಕಂದಾಯ ಮತ್ತೆ ಬರಬೇಕು. ಇಂಥ ಕ್ಷಮೆ ಸುಳ್ಳೆಂದು ನಾನು ಹೇಳಲಾರೆ. ಅದರಿಂದ ಸಾವಿರಾರು ಮಂದಿ ಬದುಕಿಕೊಂಡರು, ಅವರ ಮಕ್ಕಳು ಬದುಕಿದರು. ಬದುಕಿದ್ದು ಸಣ್ಣ ಸಂಗತಿಯಲ್ಲ. ಆದರೆ ಕ್ಷಮಿಸುವವನು ತಾನು ಮಾಡಿದ ತಪ್ಪನ್ನು ಎಣಿಸುವುದಿಲ್ಲ. ರಿಚರ್ಡನ ಕ್ಷಮಾಪತ್ರದಲ್ಲಿ ತಲೆಗಂದಾಯ ತಪ್ಪೆಂದಿಲ್ಲ; ವಿಕ್ಟೋರಿಯಾಳ ಘೋಷಣೆಯಲ್ಲಿ ಹಲಗಲಿಯ ಬೇಡನ ಕೈಯಿಂದ ಆಯುಧ ಕಿತ್ತದ್ದು ತಪ್ಪೆಂದಿಲ್ಲ.

ಅರಸನಿಲ್ಲದ ಸುರಪುರಕ್ಕೆ ಮತ್ತೆ ಟೇಲರನೇ ಅಧಿಕಾರಿಯಾಗಿ ಬಂದ. ಸಾಕಿದ ಮಗನ ರಾಜ್ಯದ ಕಡೆಯ ಲೆಕ್ಕಪತ್ರಗಳನ್ನು ಮುಗಿಸುವುದು ಅವನ ಪಾಲಿಗೆ ಬಂದಿತು. 1860ರ ಒಪ್ಪಂದದಲ್ಲಿ ಇಂಗ್ಲಿಷರು ಸುರಪುರವನ್ನು, ಬಂಡಾಯದ ಕಾಲದಲ್ಲಿ ತಮ್ಮ ಕಡೆ ನಿಂತುದಕ್ಕೆ ಪ್ರತಿಫಲವಾಗಿ, ನಿಜಾಮನಿಗೆ ಕೊಟ್ಟರು. ಹಿಂದಿರುಗಿಸಬಹುದೆಂದು ಅರಸನಿಗೆ ಆಸೆ ತೋರಿಸಿದ್ದ ರಾಜ್ಯ ಹೀಗೆ ಬೇರೊಬ್ಬನಿಗೆ ಬಹುಮಾನವಾಯಿತು. ಟೇಲರ್ 1876ರಲ್ಲಿ ತೀರಿಕೊಂಡ; ಅವನ ಆತ್ಮಕಥೆ ಮರುವರ್ಷ ಅಚ್ಚಾಯಿತು. ವೆಂಕಟಪ್ಪನಾಯಕ ತಾನಾಗಿ ಬರೆದಿಟ್ಟದ್ದು ನಮ್ಮ ಕೈಗೆ ಬಂದಿಲ್ಲ. ಅವನ ಮಾತು, ಅವನ ಅಳು, ಅವನ ಸಾವು, ಎಲ್ಲವೂ ನಮಗೆ ತಲಪಿರುವುದು ಅವನನ್ನು ಪ್ರೀತಿಸಿದ, ಅವನ ಶತ್ರುವಿನ ಸೇವೆಯಲ್ಲಿದ್ದ ಒಬ್ಬನ ಲೇಖನಿಯಿಂದ.

ಆ ಲೇಖನಿ ಒಂದು ಕಡೆ ಸುಳ್ಳು ಹೇಳಲಿಲ್ಲವೆಂಬುದಕ್ಕೆ ನಾನು ಅದಕ್ಕೆ ಋಣಿ. ಹೆಸರು ಹೇಳೆಂದಾಗ ಹುಡುಗ ಹೇಳಲಿಲ್ಲ, ಬೇಡಿಕೋ ಎಂದಾಗ ಬೇಡಿಕೊಳ್ಳಲಿಲ್ಲ ಎಂಬುದನ್ನು ಟೇಲರ್ ಬರೆಯದೆ ಬಿಟ್ಟಿದ್ದರೆ ಕೇಳುವವರಿರಲಿಲ್ಲ. ಸುರಪುರದ ಕೊನೆಯ ಅರಸ ಸಾಲಗಾರನೆಂದೂ ದುಡುಕಿನವನೆಂದೂ ಮಾತ್ರ ಉಳಿದುಬಿಡುತ್ತಿದ್ದ. ಶಾಲೆಯ ಮಕ್ಕಳಿಗೆ 1857ರ ಪಾಠ ಹೇಳುವ ಉಪಾಧ್ಯಾಯರು ಕದನಗಳ ತೇದಿಗಳೊಂದಿಗೆ ಈ ಎರಡು ಮಾತನ್ನೂ ಸೇರಿಸಿ ಹೇಳಿದರೆ, ಇಪ್ಪತ್ತನಾಲ್ಕು ತುಂಬದ ಆ ಅರಸನಿಗೆ ಸಲ್ಲಬೇಕಾದುದು ಸ್ವಲ್ಪಮಟ್ಟಿಗಾದರೂ ಸಲ್ಲುತ್ತದೆ.